ಹುಲ್ಲುಹಾಸಿನಲ್ಲಿ ಮದುವೆ ಒಲೆ

ಗೆಳೆಯರೇ, ಇಂದು ತಿ. ನರಸೀಪುರದಲ್ಲಿ ನನ್ನ ಕೆಲಸ ಮುಕ್ಕಾಲು ಹೋಯಿತು. ಕಲ್ಯಾಣ ಮಂಟಪದ ಹಿತ್ತಲಿಗೆ ಉದ್ಯಾನ ವಿನ್ಯಾಸ ಬೇಕೆಂದು ಕರೆಸಿದ್ದ ಮಾಲೀಕರು, ನಾನು ಅಳತೆ ಟೇಪು ಬಿಚ್ಚುವ ಮೊದಲೇ ಮೊಬೈಲು ತೋರಿಸಿದರು. “ಎಐನೇ ಡಿಸೈನ್ ಮಾಡ್ಬುಟ್ಟದೆ ಮೇಡಮ್. ನೀವು ಗಿಡ ಕೊಡ್ಸಿ, ಸಾಕು.” ಪರದೆಯ ತುಂಬ ಹುಲ್ಲುಹಾಸು, ನಡುವೆ ಕಾರಂಜಿ.

ಅವರ ತಾಯಿ ಇಣುಕಿದರು. “ಚೆನ್ನಾಗದೆ ಕಣ್ಲಾ. ಮದ್ವೆ ಅಡ್ಗೆಗೆ ಒಲೆ ಎಲ್ಲಿ ತೋಡುಸ್ತೀಯಾ, ಕಾರಂಜಿ ಒಳಗಾ?”

ಒಲೆ ಬೇಕೆಂದು ಮಾಲೀಕರು ಮೊಬೈಲಿಗೆ ಹೇಳಿದರು. ಪರದೆಯ ಹುಲ್ಲಿನ ಮೇಲೆ ಮಾಂಸ ಸುಡುವ ಪುಟ್ಟ ಒಲೆಯೊಂದು ಬಂತು.

“ಇದ್ರಲ್ಲಿ ಊರಿಗೆಲ್ಲ ಅನ್ನ ಬೇಯ್ಸು,” ಎಂದರು ತಾಯಿ.

ಮಾಲೀಕರು ನನ್ನತ್ತ ತಿರುಗಿದರು. “ಒಲೆ ಜಾಗ ಮಾತ್ರ ನೀವೇ ಗುರ್ತು ಮಾಡ್ಕೊಡಿ ಮೇಡಮ್.”

ಮಾಡಿಕೊಟ್ಟು ಬಂದೆ. ಉದ್ಯಾನ ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೊನೆಗೆ ಒಲೆಯ ಬಳಿಯೇ ನಿಂತೆ. ಓದು ಸಾಕೆಂದಿದ್ದ ಅಜ್ಜಿ ಇದ್ದಿದ್ದರೆ ಸಮಾಧಾನಪಡುತ್ತಿದ್ದರು.