ನೀರು ಸೋಕದ ಲಿಂಗ

ಸೋಮವಾರ ಬೆಳಿಗ್ಗೆ ಏಳಕ್ಕೆ ಚಾಮರಾಜಪೇಟೆಯ ಮನೆ ಬಿಟ್ಟಾಗ ನನ್ನ ಚೀಲದಲ್ಲಿ ಎರಡು ಬಾಟಲಿ ನೀರು, ಕೊಡೆ, ಹೊಟ್ಟೆನೋವಿನ ಮಾತ್ರೆ, ಹಾವು ಕಚ್ಚಿದರೆ ಕಟ್ಟಿಕೊಳ್ಳಲು ಒಂದು ಹಗ್ಗ ಇದ್ದವು. ಹೊರಟಿದ್ದು ದೊಡ್ಡಬಳ್ಳಾಪುರದ ಆಚೆಗಷ್ಟೆ. ಅಜ್ಜಿಯ ತವರೂರಿನಲ್ಲಿ ಪುರಾತನ ಬೌದ್ಧ ದೇವಾಲಯ ಅಗೆದು ತೆಗೆದಿದ್ದಾರೆಂದು ಪತ್ರಿಕೆಯಲ್ಲಿ ಓದಿದ ಮೇಲೆ ಕೂರಲಾಗಲಿಲ್ಲ.

ಹೊರಡುವ ಮುನ್ನ ಒಂದು ಧೈರ್ಯದ ಕೆಲಸ ಮಾಡಿದ್ದೆ. ನಮ್ಮ ದೇವರಗೂಡಿನಲ್ಲಿ ಅಜ್ಜಿ ತವರಿನಿಂದ ತಂದ ಪುಟ್ಟ ಲಿಂಗವಿದೆ. ವಿಭೂತಿ ಮೆತ್ತಿ ಮೆತ್ತಿ ಅದರ ಮೈಬಣ್ಣವನ್ನೇ ನಾನು ಕಂಡಿರಲಿಲ್ಲ. ನೀರು ಮಾತ್ರ ಸೋಕಿಸುವಂತಿಲ್ಲ. "ಈ ಶಿವನಿಗೆ ಶೀತ ಆಗುತ್ತೆ" ಎಂದು ಅಜ್ಜಿ ಹೇಳಿದ್ದನ್ನೇ ಅಮ್ಮ ನಡೆಸಿಕೊಂಡು ಬಂದಿದ್ದರು. ಅಭಿಷೇಕಪ್ರಿಯನನ್ನು ಇಷ್ಟು ವರ್ಷ ಒಣಗಿಸಿದ ಪಾಪ ನಮ್ಮನ್ನು ಕಾಡುತ್ತಿದೆಯೆಂಬುದು ನನ್ನ ಹಳೆಯ ಚಿಂತೆ. ಅಮ್ಮ ಮಲ್ಲೇಶ್ವರದ ಅಕ್ಕನ ಮನೆಗೆ ಹೋಗಿದ್ದರು, ಬರುವುದು ಮರುದಿನ.

"ಪೂಜೆ ಹೊತ್ತಿಗೆ ಒಂದು ಚೊಂಬು ನೀರು ಹಾಕ್ಬಿಡು," ಎಂದೆ ಹೆಂಡತಿ ಸರಳಾಗೆ.

"ಅತ್ತೆಗೆ ಗೊತ್ತಾದ್ರೆ?"

"ಶಿವ ಹೋಗಿ ಚಾಡಿ ಹೇಳ್ತಾನಾ?"

ಕಾಟನ್‌ಪೇಟೆಯ ಕೈಗಾಡಿಗಳ ನಡುವೆ ನುಸುಳಿ ಮೆಜೆಸ್ಟಿಕ್‌ಗೆ ನಡೆದೆ. ಬಸ್ಸಿನಲ್ಲಿ ಒಂದೂವರೆ ಗಂಟೆ, ದೊಡ್ಡಬಳ್ಳಾಪುರದಲ್ಲಿ ತಟ್ಟೆ ಇಡ್ಲಿ, ಅಲ್ಲಿಂದ ಹತ್ತು ಜನ ತುಂಬಿದ ಆಟೊದಲ್ಲಿ ಐದು ರೂಪಾಯಿಗೆ ಅರ್ಧ ಸೀಟು. ಮೊದಲೇ ಹೇಳಿಕಳಿಸಿದ್ದರಿಂದ ಊರಬಾಗಿಲಲ್ಲಿ ಮುನಿಶಾಮಪ್ಪ ಕಾದಿದ್ದರು. ಅಗೆತದಲ್ಲಿ ಕೂಲಿ ಮಾಡುತ್ತಲೇ ಅದನ್ನು ನಡೆಸಿದ ಕಾಲೇಜು ಮೇಷ್ಟ್ರುಗಳು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡ ರೈತ. ಕೆತ್ತನೆಯ ಕಂಬ, ಗೋಪುರ ಎಂದೆಲ್ಲ ಎಣಿಸಿದ್ದ ನನಗೆ ಕಂಡದ್ದು ಖಾಲಿ ಹೊಲ.

"ದೇವಸ್ಥಾನ ಎಲ್ಲಿ?"

"ಅದ್ರ ಮೇಲೇ ನಿಂತಿದೀರಲ್ಲ ಸಾರ್, ಗರ್ಭಗುಡಿ!"

ಬೆಚ್ಚಿ ಪಕ್ಕಕ್ಕೆ ಹಾರಿದೆ.

"ಈಗ ಸನ್ಯಾಸಿ ಕೋಣೆ ತುಳೀತಿದೀರ."

ಇಟ್ಟಿಗೆ ಗೋಡೆಗಳನ್ನು ಕಾಪಾಡಲು ಮತ್ತೆ ಮಣ್ಣು ಮುಚ್ಚಿದ್ದರಂತೆ. ಮುನಿಶಾಮಪ್ಪ ಕಡ್ಡಿಯಿಂದ ನೆಲದ ಮೇಲೆ ಕಮಾನಿನಂತೆ ಬಾಗಿದ ಗೋಡೆ, ಪ್ರದಕ್ಷಿಣೆಯ ಹಾದಿ, ಭಿಕ್ಷುಗಳ ಕೋಣೆಗಳ ಸಾಲು ಗೀಚುತ್ತ ಹೋದರು. "ಇದು ಬಾಗಿಲು" ಎಂದಾಗ ನಾನು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಹೋದೆ.

ಆಮೇಲೆ ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿ, ಬಟ್ಟೆಯ ಗಂಟು ಬಿಚ್ಚಿ ಒಂದು ಒಡೆದ ಮಣ್ಣಿನ ಬೊಂಬೆಯನ್ನು ತೋರಿಸಿದರು. ದುಂಡು ತಲೆ, ಅಗಲ ಬುಡ.

"ಸ್ತೂಪ ಸಾರ್. ಹರಕೆಗೆ ಬಂದೋರು ಇಟ್ಟೋಗ್ತಿದ್ರಂತೆ. ಹೊರಗೆ ಹಸಿ ಮಣ್ಣು, ಒಳಗೆ ಸುಟ್ಟ ಬಿಲ್ಲೆ, ಅದ್ರ ಮ್ಯಾಲೆ ಬುದ್ಧನ ಮಾತು. ಹಿಂದೆ ಉಳುವಾಗ ಸಿಕ್ಕಿದ್ದನ್ನ ನಮ್ಮೋರು ಲಿಂಗ ಅಂತ ಮನೇಲಿಟ್ಟು ಪೂಜೆ ಮಾಡೋರು. ನೀರು ಮಾತ್ರ ಹಾಕ್ತಿರ್ಲಿಲ್ಲ. ಕರಗೋಯ್ತದಲ್ಲ!"

ಥಟ್ಟನೆ ಗಡಿಯಾರ ನೋಡಿದೆ. ಹತ್ತೂಮುಕ್ಕಾಲು, ಸರಳಾ ಪೂಜೆಗೆ ಕೂರುವ ಹೊತ್ತು. ಅಂಗಡಿಯ ಫೋನಿಗೆ ಓಡಿ ಮನೆಗೆ ಮಾಡಿದೆ. ಗಂಟೆ ಬಾರಿಸಿತೇ ಹೊರತು ಯಾರೂ ಎತ್ತಲಿಲ್ಲ. ಸರಳಾ ಪೂಜೆಗೆ ಕೂತರೆ ಏಳುವವಳಲ್ಲ. ಇಪ್ಪತ್ತು ವರ್ಷದಲ್ಲಿ ನನ್ನ ಒಂದು ಮಾತೂ ಕೇಳದವಳು ಇವತ್ತೂ ಕೇಳದಿರಲಿ ಎಂದು ಬಸ್ಸಿನುದ್ದಕ್ಕೂ ಶಿವನನ್ನೂ ಬುದ್ಧನನ್ನೂ ಬೇಡಿಕೊಂಡೆ.

ಎರಡು ಗಂಟೆಗೆ ಮನೆ ತಲುಪಿದರೆ ಬಾಗಿಲಲ್ಲಿ, ನಾಳೆ ಬರಬೇಕಿದ್ದ ಅಮ್ಮನ ಚಪ್ಪಲಿ. ದೇವರ ಮುಂದೆ ತಾಮ್ರದ ತಟ್ಟೆ ತುಂಬ ಕೆಸರು.

"ನೀವು ಹೇಳಿದ ಹಾಗೆ ಒಂದೇ ಚೊಂಬು ಕಣ್ರೀ," ಎಂದು ಸರಳಾ ಅತ್ತಳು. "ಮಂತ್ರ ಮುಗಿಸೋಷ್ಟ್ರಲ್ಲಿ ಕುಸಿದೇ ಹೋದ."

ಕಂಡದ್ದು ಕೇಳಿದ್ದೆಲ್ಲ ತೊದಲಿದೆ. ಅಮ್ಮ ಬೈಯಲಿಲ್ಲ, ಕೆಸರಿನಲ್ಲಿ ಬೆರಳಾಡಿಸುತ್ತ ನಾಣ್ಯದಗಲದ ಬಿಲ್ಲೆಯೊಂದನ್ನು ಎತ್ತಿ ಸೆರಗಿನಿಂದ ಒರೆಸಿದರು. ಸಾಸಿವೆ ಸುರಿದಂತೆ ಅಕ್ಷರಗಳು. ಬಿಲ್ಲೆಯನ್ನು ಮಣ್ಣಿನೊಳಗೆ ಹುದುಗಿಸಿದವನ ಬಳಿಕ ಅವನ್ನು ಕಂಡವರು ನಾವೇ.

"ಇಷ್ಟು ದಿನ ಒಳಗೇ ಕೂತಿದ್ನಾ ಇವನು?" ಎಂದರು ಅಮ್ಮ.

ಅದನ್ನು ಗೂಡಿನಲ್ಲಿಟ್ಟು ಹೂವೇರಿಸಿದರು. ಸರಳಾಳ ಕೈಯಿಂದ ಚೊಂಬನ್ನು ಕಿತ್ತುಕೊಂಡು ನನ್ನತ್ತ ತಿರುಗಿದರು.

"ಇವನಿಗೂ ನೀರು ಹಾಕ್ಬೇಡಿ. ಶೀತ ಆಗುತ್ತೆ."