ಸೋಮವಾರ ಮತ್ತು ಗುರುವಾರ ನಿಲ್ಲುತ್ತಿದ್ದ ಏಸಿ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕರೆಂಟಿನ ಕಪಾಟಿಗೆ ಏಸಿ ಕೂರಿಸಲು ಹೋದ ದಿನ ಹಮಾಲರೆಲ್ಲ ಬಾಗಿಲಲ್ಲಿ ಗುಂಪುಗಟ್ಟಿ ನಿಂತು ನಕ್ಕಿದ್ದರು. "ಸಾವಕಾರ್ರ ಆಫೀಸಿನ್ಯಾಗ ಬರೇ ಫ್ಯಾನ್ ಐತಿ, ಕಪಾಟಿಗೆ ಏಸಿ ಬಂತು ನೋಡ್ರಿ!" ಎಂದ ಒಬ್ಬ. ನಗಬೇಕಾದ ಮಾತೇ. ಮೆಣಸಿನಕಾಯಿ ತಣ್ಣಗಿಡಲೆಂದೇ ಕಟ್ಟಿದ ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಕಬ್ಬಿಣದ ಕಪಾಟಿಗೆ ಬೇರೆ ತಂಪು ಬೇಕೆಂದರೆ ಯಾರು ನಂಬುತ್ತಾರೆ?

ಎರಡು ಸಾವಿರದ ಐದೋ ಆರೋ ಇರಬೇಕು. ನಾನು ಆಗ ಅಗಡಿಯಿಂದ ದಿನಾ ಬಸ್ಸಿನಲ್ಲಿ ಹಾವೇರಿಗೆ ಬಂದು ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಐಟಿಐ ಮುಗಿಸಿದ್ದೆ. ತಲೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತಿಳಿದಿದೆ ಎಂಬ ಭ್ರಮೆಯೂ ಇತ್ತು. ಆ ಕೋಲ್ಡ್ ಸ್ಟೋರೇಜಿನವರು ತಂಪು ಮಾಡುವ ದೊಡ್ಡ ಯಂತ್ರಗಳ ವೇಗ ಹೆಚ್ಚು ಕಡಿಮೆ ಮಾಡಲು ಡ್ರೈವ್ ಎಂಬ ಹೊಸ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕಿಸಿದ್ದರು. ಅದು ಕೂತಿದ್ದು ಕಪಾಟಿನಲ್ಲಿ. ಅದಕ್ಕೆ ತನ್ನದೇ ಕಾವು. ಬಾಗಿಲು ತೆರೆದಿಟ್ಟರೆ ಮೆಣಸಿನಕಾಯಿಯ ಧೂಳು ಒಳಗೆ ಹೋಗುತ್ತದೆ, ಮುಚ್ಚಿದರೆ ಬೆಂದು ತಾನೇ ನಿಂತುಬಿಡುತ್ತದೆ. ಅದಕ್ಕೇ ಏಸಿ.

ಬಾಗಿಲಿನ ತಗಡು ಕೊರೆದು, ಸುತ್ತ ರಬ್ಬರು ಕೂರಿಸಿ, ನೀರು ಹೋಗುವ ಸಣ್ಣ ಪೈಪು ಇಳಿಬಿಟ್ಟು, ಮೂವತ್ತೈದು ಡಿಗ್ರಿಗೆ ಹೊಂದಿಸಿದೆ. ಆ ಕಡೆಯಿಂದ ಏಸಿ ಎತ್ತಿ ಹಿಡಿದವರು ಅಲ್ಲಿನ ಆಪರೇಟರ್. ಐವತ್ತೈದು ದಾಟಿದ್ದರು. ಎಲ್ಲರೂ ಚಾಚಾ ಅನ್ನುತ್ತಿದ್ದರು, ನಾನೂ ಅಂದೆ. ಇಪ್ಪತ್ತು ವರ್ಷದಿಂದ ಆ ಯಂತ್ರಗಳನ್ನು ನಡೆಸುತ್ತಿದ್ದರು. ಹೊರಗೆ ಚಹಾ ಕುಡಿಯುತ್ತ ಕೂತಲ್ಲೇ ಸದ್ದು ಕೇಳಿ, ಎರಡನೆಯದಕ್ಕೆ ಎಣ್ಣೆ ಕಡಿಮೆಯಾಗಿದೆ ಎಂದು ಎದ್ದು ಹೋಗುವವರು.

ಕೆಲಸ ಮುಗಿದ ಮೇಲೆ ನಾನು ಒಂದು ಭಾಷಣ ಬಿಗಿದೆ. "ಚಾಚಾ, ಇದು ಉಸಿರು ತಗೊಳ್ಳೋದು ಈ ಕೆಳಗಿನ ಜಾಳಿಗಿಯಿಂದ. ಇದರಾಗ ಧೂಳು, ಘಾಟು ಹೋಗಬಾರದು. ಹೋತಂದ್ರ ಮಷೀನ್ ಸತ್ತಂಗ. ನೀವ ಜ್ವಾಪಾನ ಮಾಡ್ರಿ."

"ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ನಾ ಇದ್ದೇನಲ್ಲ," ಎಂದರು ಚಾಚಾ.

ಜಾಳಿಗೆಯ ಹಿಂದೆ ಒಂದು ಫಿಲ್ಟರ್ ಇದೆ, ಅದನ್ನು ವಾರಕ್ಕೊಮ್ಮೆ ತೆಗೆದು ತೊಳೆಯಬೇಕು, ಅಷ್ಟೇ ಸಾಕು ಎಂದು ಹೇಳಬೇಕಿತ್ತು. ಬಸ್ಸಿನ ಹೊತ್ತಾಗಿತ್ತು. ಮುಂದಿನ ಸಲ ತೋರಿಸಿದರಾಯಿತು ಎಂದುಕೊಂಡು ಹೊರಟೆ.

ಮೊದಲ ಸಲ ಏಸಿ ನಿಂತದ್ದು ಒಂದು ಸೋಮವಾರ, ಮಧ್ಯಾಹ್ನ. ಅದರ ಹಿಂದೆಯೇ ಕಪಾಟು ಕಾದು ಯಂತ್ರಗಳೂ ನಿಂತಿವೆ ಎಂದು ಅಂಗಡಿಗೆ ಫೋನು ಬಂತು. ನಾನು ಬಸ್ಸು ಹಿಡಿದು ಬ್ಯಾಡಗಿ ತಲುಪುವಷ್ಟರಲ್ಲಿ ಒಂದೂವರೆ ತಾಸಾಗಿತ್ತು. ಹೋಗಿ ನೋಡಿದರೆ ಎಲ್ಲವೂ ಓಡುತ್ತಿದೆ. ಏಸಿ ತಣ್ಣನೆ ಗಾಳಿ ಬಿಡುತ್ತಿದೆ. ಫ್ಯಾನು ಸರಿ, ಕರೆಂಟು ಸರಿ, ರಬ್ಬರು ಸರಿ. ಫಿಲ್ಟರ್ ತೆಗೆದು ನೋಡಿದೆ. ಬ್ಯಾಡಗಿಯಲ್ಲಿ, ಅದೂ ಸೀಜನ್ನಿನಲ್ಲಿ, ಅಷ್ಟು ಸ್ವಚ್ಛ ಫಿಲ್ಟರ್ ನಾನು ನೋಡಿರಲಿಲ್ಲ. ಹೇಳದೆಯೇ ತೊಳೆದಿದ್ದಾರಲ್ಲ ಎಂದು ಖುಷಿಯಾಯಿತು. "ಬಾಳ ಚಲೋ ಇಟ್ಟೀರಿ ಚಾಚಾ, ಹಿಂಗ ಇಡ್ರಿ," ಎಂದೆ. ಚಾಚಾ ನಾಚಿಕೊಂಡು ನಕ್ಕರು.

ಎರಡನೆಯ ಸಲ ಗುರುವಾರ. ಮತ್ತೆ ಅದೇ ಕಥೆ. ನಾನು ಹೋಗುವಷ್ಟರಲ್ಲಿ ಮಗುವಿನಂತೆ ಸುಮ್ಮನೆ ಓಡುತ್ತಿತ್ತು. ಆ ದಿನ ಮಾತ್ರ ಕಪಾಟಿನ ಬುಡದಲ್ಲಿ ನೀರು ಕಂಡಿತು. ಪೈಪು ಸೋರುತ್ತಿದೆ ಎಂದುಕೊಂಡು ಒಂದು ಚರಿಗೆ ನೀರು ಹೊಯ್ದು ನೋಡಿದೆ, ಒಂದು ಹನಿಯೂ ಹೊರಬೀಳಲಿಲ್ಲ. ಅಲ್ಲದೆ ನೆಲದ ಮೇಲಿದ್ದ ನೀರು ಕೆಂಪಗಿತ್ತು. ಏಸಿಯಿಂದ ಕೆಂಪು ನೀರು ಹೇಗೆ ಬರುತ್ತದೆ? ತಲೆ ಕೆಟ್ಟು ಕೆರ ಹಿಡಿದುಹೋಯಿತು. ನಮ್ಮ ಅಂಗಡಿಯ ಮಾಲಕರಿಗೆ ಬಂದು ಹೇಳಿದರೆ ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

ಮೂರನೆಯದು ಮತ್ತೆ ಸೋಮವಾರ. ಮಂಗಳವಾರ ಬುಧವಾರ ಒಮ್ಮೆಯೂ ಇಲ್ಲ. "ಗುರುವಾರ, ಸೋಮವಾರ ಉಪವಾಸ ಮಾಡತೈತೇನಪಾ ನಿನ್ನ ಏಸಿ?" ಎಂದು ಮಾಲಕರು ಅಣಕಿಸಿದರು. ಆ ಎರಡು ದಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ. ಗಾಡಿಗಳು ಸಾಲುಗಟ್ಟಿ ಬರುತ್ತವೆ, ಚೀಲ ಇಳಿಯುತ್ತವೆ, ಊರೆಲ್ಲ ಸೀನುತ್ತದೆ. ಚಾಚಾನೂ ಅದನ್ನೇ ಹೇಳಿದರು. "ಘಾಟು ಜಾಸ್ತಿ ಇದ್ದ ದಿನಾನ ನಿಲ್ತೈತ್ರಿ." ಘಾಟು ಒಳಗೆ ಹೋಗಿದ್ದರೆ ಫಿಲ್ಟರ್ ಕೆಂಪಾಗಬೇಕಿತ್ತು. ಅದು ಸ್ವಚ್ಛ. ಹಾಗಾದರೆ ಯಂತ್ರಕ್ಕೆ ಹೊರಗಿನ ಘಾಟು ಹೇಗೆ ಗೊತ್ತಾಗುತ್ತದೆ? ವಾರ ಹೇಗೆ ಗೊತ್ತಾಗುತ್ತದೆ? ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಇದನ್ನೇ ಯೋಚಿಸುತ್ತಿದ್ದೆ. ಒಂದೆರಡು ಸಲ ಅಗಡಿ ದಾಟಿದ್ದೂ ತಿಳಿಯಲಿಲ್ಲ.

ಆ ಮೂರನೆಯ ಸಲ ಕೋಲ್ಡ್ ಸ್ಟೋರೇಜಿನ ಸಾವಕಾರರೇ ಯಂತ್ರದ ಕೋಣೆಗೆ ಬಂದರು. ಒಳಗೆ ರೈತರ, ವ್ಯಾಪಾರಿಗಳ ಮಾಲು ಇತ್ತು. ತಂಪು ಹೋದರೆ ಬಣ್ಣ ಹೋಗುತ್ತದೆ. ಬಣ್ಣ ಹೋದ ಬ್ಯಾಡಗಿ ಮೆಣಸಿನಕಾಯಿಯನ್ನು ಕೇಳುವವರು ಯಾರು? ಅವರು ನನ್ನನ್ನೂ ಚಾಚಾನನ್ನೂ ನಿಲ್ಲಿಸಿಕೊಂಡು ನೆಟ್ಟಗೆ ಹೇಳಿದರು. "ಮಷೀನ್ ತಪ್ಪೋ, ಮನಷ್ಯಾನ ತಪ್ಪೋ, ನನಗ ಬರದ ಕೊಡ್ರಿ. ಮಷೀನ್ ತಪ್ಪಿದ್ರ ನಿಮ್ಮ ಅಂಗಡಿಗೆ ವಾಪಸ್. ಮನಷ್ಯಾನ ತಪ್ಪಿದ್ರ ಹುಬ್ಬಳ್ಳಿಯಿಂದ ಕಲತ ಹುಡುಗನ್ನ ತರತೇನಿ." ಚಾಚಾಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಆ ವಯಸ್ಸಿನಲ್ಲಿ ಕೊಡುವವರೂ ಇರಲಿಲ್ಲ.

ನಾನು ಬರೆದುಕೊಟ್ಟೆ. ಹೇಗೆ ಬರೆದೆ ಎಂದು ಇಂದಿಗೂ ನನಗೇ ಸರಿಯಾಗಿ ತಿಳಿಯುವುದಿಲ್ಲ. ನಾನು ಕೂರಿಸಿದ್ದು ಸರಿಯಾಗಿದೆ ಎಂಬುದೊಂದು ಖಾತ್ರಿಯಿತ್ತು. ಹಾಗಾದರೆ ಚಾಚಾ ನಾನಿಲ್ಲದಾಗ ಬಾಗಿಲು ತೆರೆಯುತ್ತಿರಬೇಕು, ಏನೋ ಮಾಡುತ್ತಿರಬೇಕು. ನೋಡಿರಲಿಲ್ಲ, ಆದರೂ ಬರೆದೆ. ಯಂತ್ರದಲ್ಲಿ ದೋಷವಿಲ್ಲ, ನಡೆಸುವವರ ಅಜಾಗರೂಕತೆ ಎಂದು, ಇಂಗ್ಲೀಷಿನಲ್ಲಿ. ಕೆಳಗೆ ಆಪರೇಟರ್ ಸಹಿ ಬೇಕಿತ್ತು. ಚಾಚಾ ಕನ್ನಡಕ ಹುಡುಕುತ್ತ, "ಏನ್ ಬರದೀರಿ?" ಎಂದರು. "ಮಷೀನ್ ಚಲೋ ಐತಿ ಅಂತ," ಎಂದೆ. ಅವರು ಉರ್ದುವಿನಲ್ಲಿ ನಿಧಾನಕ್ಕೆ ಸಹಿ ಹಾಕಿ ಪೆನ್ನನ್ನು ಒರೆಸಿ ನನಗೆ ಕೊಟ್ಟರು.

ಆ ವಾರದ ಗುರುವಾರ ನನಗೆ ರಾಣೆಬೆನ್ನೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸವಿತ್ತು. ಅದು ಬೇಗ ಮುಗಿಯಿತು. ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಯಾರೂ ಕರೆಯದಿದ್ದರೂ ಬ್ಯಾಡಗಿಗೆ ಹೋಗಿ ಇಳಿದೆ. ಮಧ್ಯಾಹ್ನದ ಬಿಸಿಲು. ಕೋಲ್ಡ್ ಸ್ಟೋರೇಜಿನ ಮುಂದೆ ಚೀಲ ಇಳಿಯುತ್ತಿತ್ತು. ಹಮಾಲರೆಲ್ಲ ಎಂದಿನಂತೆ ಮೂಗು ಬಾಯಿಗೆ ಹಸಿ ಅರಿವೆ ಕಟ್ಟಿಕೊಂಡಿದ್ದರು. ಅದಿಲ್ಲದೆ ಅಲ್ಲಿ ಕೆಲಸ ಮಾಡಲಾಗುವುದಿಲ್ಲ. ಯಂತ್ರದ ಕೋಣೆಗೆ ಹೋದೆ.

ಏಸಿಯ ಜಾಳಿಗೆಗೂ ಒಂದು ಹಸಿ ಅರಿವೆ ಕಟ್ಟಿತ್ತು.

ನಾಲ್ಕು ಮಡಿಕೆ ಮಾಡಿ, ನೀಟಾಗಿ, ನಾಲ್ಕು ಮೂಲೆಗೂ ದಾರ ಬಿಗಿದು. ಅದರಿಂದ ಕೆಂಪು ನೀರು ಹನಿ ಹನಿಯಾಗಿ ಬೀಳುತ್ತಿತ್ತು. ಏಸಿ ಕೆಂಡದಂತೆ ಕಾದು ಏದುಸಿರು ಬಿಡುತ್ತಿತ್ತು. ಕಿತ್ತೆಸೆದೆ. "ಏನ್ ಚಾಚಾ ಇದು?" ಎಂದು ಚೀರಿದೆ.

ಚಾಚಾ ಗಾಬರಿಯಾದರು. "ನೀವ ಹೇಳಿದ್ರಲ್ರೀ, ಉಸಿರು ತಗೊಳ್ಳೋ ಜಾಗಾ, ಘಾಟು ಹೋಗಬಾರದಂತ. ಪ್ಯಾಟಿ ದಿನ ಘಾಟು ಬಾಳ. ಅದಕ್ಕ ತಾಸಿಗೊಮ್ಮೆ ತೊಯ್ಸಿ ಕಟ್ಟತೇನಿ."

"ನಾ ಬಂದಾಗ ಒಮ್ಮೆನೂ ಕಾಣಲಿಲ್ಲಲ್ಲ?"

"ನೀವು ನೋಡಾಕ ಬರೂಮುಂದ ಬಿಚ್ಚಿಡಬೇಕಲ್ರಿ. ಡಾಕ್ಟರ್ ಮುಂದ ಮುಖಕ್ಕ ಅರಿವಿ ಕಟಗೊಂಡು ಕುಂದರತಾರೇನು?" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನೀವ ಚಲೋ ಇಟ್ಟೀರಿ, ಹಿಂಗ ಇಡ್ರಿ ಅಂದಿದ್ರಿ," ಎಂದು ಸೇರಿಸಿದರು.

ಇಷ್ಟು ದಿನದ ಒಗಟೆಲ್ಲ ಒಮ್ಮೆಗೇ ಬಿಚ್ಚಿಕೊಂಡಿತ್ತು, ಸಮಾಧಾನ ಮಾತ್ರ ಆಗಲಿಲ್ಲ. ಫಿಲ್ಟರ್ ಯಾಕೆ ಸ್ವಚ್ಛವಿತ್ತು ಎಂದು ತಿಳಿಯಿತು, ನೀರು ಯಾಕೆ ಕೆಂಪಗಿತ್ತು ಎಂದು ತಿಳಿಯಿತು, ಅರಿವೆ ಬಿಚ್ಚಿದ ಮೇಲೆ ತಣಿದು ನಾನು ಬರುವಷ್ಟರಲ್ಲಿ ಯಾಕೆ ಓಡುತ್ತಿತ್ತು ಎಂದೂ ತಿಳಿಯಿತು. ಧೂಳು ತಡೆಯುವ ಭರದಲ್ಲಿ ಗಾಳಿಯನ್ನೇ ತಡೆದಿದ್ದೆವು. 'ತಡೆದಿದ್ದರು' ಎಂದು ಬರೆಯಲು ಕೈ ಬರುವುದಿಲ್ಲ. ಬ್ಯಾಡಗಿಯಲ್ಲಿ ಉಸಿರು ಕಾಪಾಡು ಎಂದರೆ ಯಾರೇ ಆದರೂ ಮಾಡುವುದು ಅದನ್ನೇ.

ನೇರ ಸಾವಕಾರರ ಆಫೀಸಿಗೆ ಹೋದೆ. "ತಪ್ಪು ನಂದ್ರಿ. ಫಿಲ್ಟರ್ ತೊಳೀರಿ ಅಂತ ನಾ ಹೇಳಲಿಲ್ಲ. ಅರಿವಿ ಕಟ್ಟಿದ್ದು ನನ್ನ ಮಾತು ಕೇಳಿ. ಆ ಕಾಗದ ಹರದ ಒಗೀರಿ," ಎಂದೆ.

ಸಾವಕಾರರು ನಕ್ಕರು. ಸಿಟ್ಟಿನ ನಗುವಲ್ಲ, ಮೆಚ್ಚುಗೆಯ ನಗು. "ನೀವು ಬಾಳ ಚಲೋ ಮನಷ್ಯಾರದೀರಿ. ಮುದುಕನ ಹೊಟ್ಟಿ ಮ್ಯಾಲೆ ಹೊಡೀಬಾರದಂತ ಮೈಮ್ಯಾಲೆ ಹಾಕ್ಕೊಳ್ಳಾಕತ್ತೀರಿ."

"ಹಂಗಲ್ರಿ, ಖರೇನ ನನ್ನ ತಪ್ಪು!" ದನಿ ಏರಿತ್ತು. ಮೇಜು ಗುದ್ದಿದೆನೋ ಏನೋ. ನಾನು ಕೂಗಿದಷ್ಟೂ ಅವರ ಮುಖದಲ್ಲಿ ನನ್ನ ಬಗ್ಗೆ ಗೌರವ ಹೆಚ್ಚುತ್ತಿತ್ತು.

"ಕಾಗದಾ ನೀವ ಬರದೀರಿ, ಕೆಳಗ ಅವರ ಸಹಿ ಐತಿ. ಹುಬ್ಬಳ್ಳಿ ಹುಡುಗ ಸೋಮವಾರ ಬರ್ತಾನ. ಮಾತು ಕೊಟ್ಟಾಗೇತಿ," ಎಂದು ನನಗೆ ಚಹಾ ತರಿಸಿದರು. ಸುಳ್ಳು ಬರೆದಾಗ ನಂಬಿದವರು ನಿಜ ಹೇಳಿದಾಗ ಯಾಕೆ ನಂಬಲಿಲ್ಲ? ಆ ಚಹಾ ಹಿಡಿದುಕೊಂಡು ಕೂತಿದ್ದೆ.

ಸೋಮವಾರ ಮಾಲಕರಿಗೆ ಸುಳ್ಳು ಹೇಳಿ ಮತ್ತೆ ಹೋದೆ. ಹೊಸಬ ಬಂದಿದ್ದ. ಚಾಚಾ ಅವನನ್ನು ಒಂದೊಂದೇ ಯಂತ್ರದ ಮುಂದೆ ನಿಲ್ಲಿಸಿ ಸದ್ದು ಕೇಳಿಸುತ್ತಿದ್ದರು. ನನ್ನನ್ನು ಕಂಡು ಬಂದು ಎರಡೂ ಕೈ ಹಿಡಿದುಕೊಂಡರು. "ನನ್ನ ಸಲುವಾಗಿ ಸಾವಕಾರ್ರ ಕೂಡ ಜಗಳಾ ತಗದ್ರಂತ. ಯಾರ ಮಾಡತಾರ್ರಿ ಹಂಗ?"

"ಚಾಚಾ, ಆ ಕಾಗದದಾಗ ನಿಮ್ಮ ತಪ್ಪಂತ ನಾನ ಬರದಿದ್ದೆ," ಎಂದೆ.

ಅವರು ಕೈ ಬಿಡಲಿಲ್ಲ. "ಮತ್ತ ಖರೇನ ಬರದೀರಲ್ರಿ. ಅರಿವಿ ಕಟ್ಟಿದಾಂವ ನಾನ ಅಲ್ಲೇನು?"

ಬಯ್ದಿದ್ದರೆ ಬದುಕುತ್ತಿದ್ದೆ. ನನಗೆ ಅಳು ಬಂತು, ಅದನ್ನೂ ಅವರು ಬೇರೆಯೇ ತಿಳಿದುಕೊಂಡು ಬೆನ್ನು ತಟ್ಟಿದರು. ಆಮೇಲೆ ಹೊಸಬನನ್ನು ಏಸಿಯ ಹತ್ತಿರ ಕರೆದು, ಬಗ್ಗಿ ಜಾಳಿಗೆ ತೋರಿಸಿದರು. "ಇದಕ್ಕ ಏನೂ ಕಟ್ಟಬ್ಯಾಡಪಾ. ನಾ ಕಟ್ಟಿ ಕೆಡಿಸಿದೆ. ಅದಕ್ಕ ಹೊಂಟೇನಿ."

"ಅಲ್ಲ," ಎಂದೆ ನಾನು. ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಿಸಿದಂತಿರಲಿಲ್ಲ. ಹೊಸಬ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಚಾಚಾ ಹೇಳಿದ್ದನ್ನು ಹಾಗೆಯೇ ಬರೆದುಕೊಂಡ.