ಅಜ್ಜಿ ಕೊಡಗಿನ ಸೀರೆ ಉಟ್ಟ ದಿನ

ಆಗೆಲ್ಲ ನಾವು ಮಡಿಕೇರಿ ನೋಡಬೇಕೆಂದರೆ ಹಾಸನದ ಕಡೆಯಿಂದ ನೆಂಟರು ಬರಬೇಕಿತ್ತು. ಕುಶಾಲನಗರದ ಹತ್ತಿರವೇ ನಮ್ಮ ಮನೆ. ಘಾಟಿ ಹತ್ತಿದರೆ ರಾಜಾಸೀಟು. ಆದರೂ ಹಿತ್ತಲ ಗಿಡ ಮದ್ದಲ್ಲ ನೋಡಿ! ಹಾಗಾಗಿ ದಸರಾ ರಜೆಗೆ ಅತ್ತೆ ಬರುತ್ತಾರೆಂದರೆ ಅವರ ಮಕ್ಕಳಿಗಿಂತ ಹೆಚ್ಚು ಕುಣಿಯುತ್ತಿದ್ದವರು ನಾವು.

ಆ ವರ್ಷ ಬಾಡಿಗೆ ಜೀಪಿನಲ್ಲಿ ಮನೆಮಂದಿಯೆಲ್ಲ ತುಂಬಿಕೊಂಡು ಹೊರಟೆವು. ಡೀಸೆಲ್ ವಾಸನೆಗೆ ಪುಳಿಯೋಗರೆಯ ಘಮ ಬೆರೆತಿತ್ತು. ತಿರುವು ಬಂದಾಗಲೆಲ್ಲ ಬೇಕೆಂದೇ ಒಬ್ಬರ ಮೇಲೊಬ್ಬರು ಬೀಳುವುದು ನಮ್ಮ ಆಟ.

"ತೆಪ್ಪಗೆ ಕೂತ್ಕಳಿ, ಡಬ್ಬಿ ಚೆಲ್ತದೆ!" ಎಂದು ಅಮ್ಮ ಗದರುತ್ತಲೇ ಇದ್ದರು.

ರಾಜಾಸೀಟಿನ ಹತ್ತಿರದ ಅಂಗಡಿಯೊಂದರಲ್ಲಿ ಕೊಡಗಿನ ಉಡುಪು ತೊಡಿಸಿ ಫೋಟೊ ತೆಗೆಯುತ್ತಿದ್ದರು. ಅಜ್ಜಿ ಅಲ್ಲೇ ನಿಂತುಬಿಟ್ಟರು. "ನಮ್ಮ ಮದ್ವೇಲಿ ಪಟ ತೆಗ್ಸಿರ್ಲಿಲ್ಲ ಕಣೆ. ಇವರ ಜತೆ ಒಂದಾದ್ರೂ ಇರ್ಲಿ ಅಂತ ಆಸೆ," ಎಂದು ಅತ್ತೆಯ ಕಿವಿಯಲ್ಲಿ ಹೇಳಿದರು.

ಅಜ್ಜನ ಕಿವಿಯೂ ಚುರುಕೇ. "ಈ ವಯಸ್ಸಲ್ಲಿ ಏನೇ ನಿಂದು ವೇಷ? ನೋಡ್ದೋರು ನಗ್ತಾರೆ," ಎಂದವರೇ ದೂರದ ಮರದಡಿ ಬೆನ್ನು ತಿರುಗಿಸಿ ನಿಂತರು.

ಅಜ್ಜಿ ಬಿಡಲಿಲ್ಲ. ನುಸಿಗುಳಿಗೆ ವಾಸನೆಯ ಸೀರೆಯನ್ನು ಅಂಗಡಿಯಾಕೆ ಉಡಿಸಿ ನೆರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸಿದರೆ, ಅಜ್ಜಿ ಅದನ್ನು ಎಳೆದೆಳೆದು ಮುಂದಕ್ಕೆ ತಂದುಕೊಂಡರು. ಅಂಗಡಿಯಾಕೆಗೆ ನಗು ತಡೆಯಲಾಗಲಿಲ್ಲ.

"ಅಜ್ಜಿ, ಕೊಡಗಿನ ಸೀರೆಗೆ ನೆರಿಗೆ ಹಿಂದೆಯೇ ಬರೋದು. ಈ ಕಡೆಗೆ ಬಂದು ಎಷ್ಟು ವರ್ಷ ಆಯ್ತು ನೀವು?"

"ಇದರಪ್ಪ ಹುಟ್ಟೋಕೆ ಮುಂಚೆ ಬಂದ್ವಿ," ಅಜ್ಜಿ ನನ್ನತ್ತ ಕೈ ತೋರಿಸಿದರು. "ದಿನಾ ನೋಡ್ತೀನಿ ಕಣವ್ವ, ಆದ್ರೆ ಕೈ ಕೇಳ್ಬೇಕಲ್ಲ!"

ಕೊನೆಗೂ ಫೋಟೊದವನು ಕ್ಯಾಮೆರಾ ಎತ್ತಿದ. ಅತ್ತೆ ಕರೆದರು, ಅಪ್ಪ ಕರೆದರು. ಅಜ್ಜ ತಿರುಗಲೇ ಇಲ್ಲ. ಅಜ್ಜಿಯ ಮುಖ ಸಪ್ಪಗಾಯಿತು. ನನಗಂತೂ ಅಜ್ಜನ ಮೇಲೆ ಕೆಟ್ಟ ಸಿಟ್ಟು ಬಂತು. ಅಜ್ಜಿ ಮಾತ್ರ ತಲೆವಸ್ತ್ರ ಸರಿಮಾಡಿಕೊಂಡು, ಅಜ್ಜನಿಗೂ ಕೇಳುವಂತೆ ಹೇಳಿದರು:

"ಅವರು ಬರಾಕಿಲ್ಲ ಬುಡಪ್ಪ. ನಾನೊಬ್ಳೇ ನಿಂತ್ಕತೀನಿ. ಪಕ್ಕದಲ್ಲಿ ಒಂದಾಳು ಜಾಗ ಬುಟ್ಟು ತೆಗಿ."

ಹೇಳಿ, ತಾವೇ ಒಂದು ಪಕ್ಕಕ್ಕೆ ಸರಿದು ನಿಂತರು. ಫೋಟೊದವನು ಕಕ್ಕಾಬಿಕ್ಕಿಯಾದ. ಅಜ್ಜ ಒಮ್ಮೆ ಕೆಮ್ಮಿದರು. ಆಮೇಲೆ ಏನೋ ಗೊಣಗುತ್ತ ಬಂದು ಆ ಜಾಗದಲ್ಲಿ ನಿಂತರು. ನಾವು ಮಕ್ಕಳು ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ವಾಪಸು ಬರುವಾಗ "ಪಟ ಯಾವಾಗ ಕೊಡ್ತಾನಂತೆ?" ಎಂದು ಮೊದಲು ಕೇಳಿದವರೂ ಅಜ್ಜನೇ!

ಮೊನ್ನೆ ಆ ಪಟವನ್ನು ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಜ್ಜಿ ಅಪ್ಪಟ ಕೊಡಗಿನ ಹೆಂಗಸು. ಅಜ್ಜ ಬಿಳಿ ಪಂಚೆ, ಹೆಗಲ ಟವೆಲ್ಲಿನಲ್ಲಿ ಅಪ್ಪಟ ಹಾಸನದ ಗಂಡಸು. ಇಬ್ಬರೂ ಈಗಿಲ್ಲ. ಅವರು ಜೊತೆಗಿರುವ ಪಟ ಅದೊಂದೇ.

ಈ ಸಲದ ದಸರಾಕ್ಕೆ ನಾವೆಲ್ಲ ಮತ್ತೆ ರಾಜಾಸೀಟಿಗೆ ಹೋಗಿದ್ದೆವು. ಮೊಬೈಲು ಎತ್ತಿದಾಗ ಅಪ್ಪ "ನಂಗ್ಯಾಕೆ, ನೀವ್ ತೆಕ್ಕಳಿ" ಎಂದು ದೂರ ಸರಿದರು. "ಆಯ್ತು ಬಿಡಿ" ಎಂದೆವು. ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತು, ನಕ್ಕು, ಬೇಕಾದಷ್ಟು ತೆಗೆದುಕೊಂಡೆವು. ಮನೆಗೆ ಬಂದು ಒಂದೊಂದಾಗಿ ನೋಡಿದೆ. ಯಾವುದರಲ್ಲೂ ಅಪ್ಪ ಬಂದು ನಿಲ್ಲುವಷ್ಟು ಜಾಗವಿರಲಿಲ್ಲ.